ಘಾಟಿ ಇಳಿದ ಮೇಲೆ ಸಿಗುವ ಗ್ಯಾರೇಜು

ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತದೆ ಎಂದು. ಎಂಜಿನ್ ನಂಬಬಹುದೇ ಎಂಬ ಪ್ರಶ್ನೆ ಬರುವುದು ದುಡ್ಡು ಎಣಿಸುವ ಹೊತ್ತಿಗೆ. ಅದಕ್ಕೆ ಸಿಗುವ ಉತ್ತರಗಳೋ, ಎಲ್ಲ ಊರಿನಲ್ಲೂ ಒಂದೇ: ಜರ್ಮನ್ ಗಾಡಿ ಬೇಡ, ಜಪಾನಿನದು ತಗೋ, ಟರ್ಬೊ ಇದ್ದರೆ ಬೇಡ, ವಾರಂಟಿ ಮುಗಿದಿದ್ದರೆ ಅತ್ತ ತಲೆ ಹಾಕಬೇಡ. ಬೆಂಗಳೂರಿನಲ್ಲಿ ಕುಳಿತವರಿಗೆ ಈ ಸಲಹೆಗಳು ಹೇಗೋ ನಡೆದುಹೋಗುತ್ತವೆ, ಯಾಕೆಂದರೆ ಅಲ್ಲಿ ಗಾಡಿ ಕೆಟ್ಟರೆ ಎತ್ತಿಕೊಂಡು ಹೋಗುವವರು ಅದೇ ಊರಲ್ಲಿದ್ದಾರೆ. ವಯನಾಡಿನ ಮಾನಂದವಾಡಿಯಲ್ಲಿ ನಿಂತು ಕೇಳಿದರೆ ಪ್ರಶ್ನೆಯ ಬಣ್ಣವೇ ಬದಲಾಗುತ್ತದೆ. ಅಲ್ಲಿಂದ ಕೋಝಿಕ್ಕೋಡಾಗಲಿ ಮೈಸೂರಾಗಲಿ ನೂರು ಕಿಲೋಮೀಟರಿನ ಆಚೀಚೆ. ಒಂದು ಕಡೆ ಘಾಟಿ, ಇನ್ನೊಂದು ಕಡೆ ಕಾಡು. ಬಾವಲಿ ದಾಟಿ ಎಚ್.ಡಿ. ಕೋಟೆಗೆ ಬರುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಇಂಥ ಊರಿನವರು ಎಂಜಿನ್ನಿನ ನಂಬಿಕೆಯನ್ನು ಬಾನೆಟ್ಟಿನ ಮೇಲಿನ ಲಾಂಛನದಲ್ಲಿ ಹುಡುಕಿದರೆ ಪ್ರಯೋಜನವಿಲ್ಲ. ಯಾವ ಎಂಜಿನ್, ಯಾವ ವರ್ಷದ್ದು, ಅದರಲ್ಲಿ ಮೊದಲು ಕೈಕೊಡುವ ಭಾಗ ಯಾವುದು, ಅದನ್ನು ಸರಿಮಾಡುವ ಕೈ ಎಷ್ಟು ದೂರದಲ್ಲಿದೆ ಎಂಬ ಲೆಕ್ಕವನ್ನೇ ಹಾಕಬೇಕು.

ಮೊದಲಿಗೆ, ಈ ಎಂಜಿನ್ನುಗಳು ಯಾಕೆ ಅಷ್ಟು ನಾಜೂಕು ಎನ್ನುವುದನ್ನು ನೋಡೋಣ. ಮಾರುತಿ ಆಲ್ಟೊ 800ರ 796 ಸಿಸಿ ಎಂಜಿನ್ ಕೊಡುತ್ತಿದ್ದದ್ದು 48 ಅಶ್ವಶಕ್ತಿ; ಲೀಟರಿಗೆ ಲೆಕ್ಕ ಹಾಕಿದರೆ 60. ಹೊಸ ಗಾಲ್ಫ್ ಜಿಟಿಐನ ಎರಡು ಲೀಟರ್ ಟರ್ಬೊ ಎಂಜಿನ್ನಿನಲ್ಲಿ 265, ಅಂದರೆ ಲೀಟರಿಗೆ 130ರ ಮೇಲೆ. ಮರ್ಸಿಡಿಸ್-ಎಎಂಜಿ ಎ45 ಎಸ್ ಅಷ್ಟೇ ದೊಡ್ಡ ಎಂಜಿನ್ನಿನಿಂದ 421 ಹಿಂಡುತ್ತದೆ, ಲೀಟರಿಗೆ 210. ಆಲ್ಟೊದಲ್ಲಿ ಸುಡುವುದಕ್ಕಿಂತ ಎರಡರಿಂದ ಮೂರೂವರೆ ಪಟ್ಟು ಪೆಟ್ರೋಲು ಅಷ್ಟೇ ಜಾಗದಲ್ಲಿ ಸುಡಬೇಕೆಂದರೆ ಪಿಸ್ಟನ್ನಿನ ನೆತ್ತಿಯ ಮೇಲಿನ ಒತ್ತಡ ಏರುತ್ತದೆ, ಟರ್ಬೊದ ಬಾಯಿಗೆ ಬರುವ ಹೊಗೆಯ ಶಾಖ ಒಂಬೈನೂರು ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಾದರೆ ಶಕ್ತಿ ಹುಟ್ಟುವುದು ವೇಗದಿಂದ. ನಿಮಿಷಕ್ಕೆ 9,000 ಸುತ್ತು ಎಂದರೆ ಪಿಸ್ಟನ್ ಸೆಕೆಂಡಿಗೆ 150 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ, ಪ್ರತಿ ಸಲವೂ ಎರಡು ತುದಿಯಲ್ಲಿ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಆ ಎಳೆತ ಜಗ್ಗಾಟವನ್ನೆಲ್ಲ ತಡೆಯುವುದು ಕನೆಕ್ಟಿಂಗ್ ರಾಡು ಮತ್ತು ಅದರ ಬುಡದ ಬೇರಿಂಗು. ಬೇರಿಂಗಿಗೂ ಕ್ರ್ಯಾಂಕ್‌ಶಾಫ್ಟಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ, ಅಷ್ಟೇ. ಆ ಪದರ ಹರಿದರೆ ಲೋಹ ಲೋಹಕ್ಕೆ ತಾಗಿ ಎಂಜಿನ್ ಸೀಜ್. ಸಾಮಾನ್ಯ ಕಾರಿನಲ್ಲಿ ಇಷ್ಟೆಲ್ಲಕ್ಕೂ ಸಾಕಷ್ಟು ಸಡಿಲ ಬಿಟ್ಟಿರುತ್ತಾರೆ. ಸ್ಪೋರ್ಟ್ಸ್ ಕಾರಿನಲ್ಲಿ ಆ ಸಡಿಲವನ್ನೇ ಶಕ್ತಿಯಾಗಿ ಮಾರಿರುತ್ತಾರೆ.

ಹಾಗಂತ ಎಲ್ಲ ಎಂಜಿನ್ನೂ ಎಲ್ಲ ಕಡೆಯಿಂದಲೂ ಕೆಡುವುದಿಲ್ಲ. ಕೆಟ್ಟ ಹೆಸರು ಪಡೆದ ಎಂಜಿನ್ನುಗಳ ಚರಿತ್ರೆ ನೋಡಿದರೆ, ಸೋತದ್ದು ಹೆಚ್ಚಾಗಿ ಒಂದೇ ಒಂದು ಸಣ್ಣ ಭಾಗ, ಅದೂ ಕೆಲವೇ ವರ್ಷಗಳ ತಯಾರಿಕೆಯಲ್ಲಿ. 1990ರ ದಶಕದ ಕೊನೆಗೆ ಪೋರ್ಷೆ ಕಂಪನಿ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳಿಗೆ ಹಾಕಿದ ಹೊಸ ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ನಡುದಂಡಕ್ಕೆ ಒಂದು ಬೇರಿಂಗಿತ್ತು. ಅದು ಪುಡಿಯಾದರೆ ಕವಾಟಗಳ ತಾಳ ತಪ್ಪಿ ಇಡೀ ಎಂಜಿನ್ ಹಾಳು. 2001ರಿಂದ 2005ರ ನಡುವಿನ ಕಾರುಗಳ ಬಗ್ಗೆ ಅಮೆರಿಕದಲ್ಲಿ ಮೊಕದ್ದಮೆ ನಡೆದು 2013ರಲ್ಲಿ ರಾಜಿಯಾಯಿತು. ಆ ವ್ಯಾಜ್ಯದಿಂದ ಹೊರಬಿದ್ದ ಲೆಕ್ಕದಂತೆ ಒಂಟಿ ಸಾಲಿನ ಬೇರಿಂಗಿದ್ದ ಎಂಜಿನ್ನುಗಳಲ್ಲಿ ಕೆಟ್ಟದ್ದು ಶೇಕಡಾ 8ರಷ್ಟು, ಅದಕ್ಕೆ ಮೊದಲಿನ ಎರಡು ಸಾಲಿನವುಗಳಲ್ಲಿ ಶೇಕಡಾ 1ರ ಒಳಗೆ. ಶೇಕಡಾ 8 ಸಣ್ಣ ಪ್ರಮಾಣವೇನಲ್ಲ, ಆದರೆ ನೂರರಲ್ಲಿ 92 ಕಾರುಗಳು ಚೆನ್ನಾಗಿಯೇ ಓಡಿದವು ಎಂಬುದೂ ಅದೇ ಲೆಕ್ಕ. ಒಂದೇ ಹೆಸರಿನ ಒಂದೇ ಕಾರು, ಬೇರಿಂಗಿನ ಸಾಲು ಒಂದೋ ಎರಡೋ ಎಂಬುದರ ಮೇಲೆ ಎಂಟು ಪಟ್ಟು ವ್ಯತ್ಯಾಸ! ಇನ್ನೊಂದು ಪ್ರಸಂಗ 2014ರ 911 ಜಿಟಿ3ಯದು. ಯುರೋಪಿನಲ್ಲಿ ಎರಡು ಕಾರುಗಳಿಗೆ ಬೆಂಕಿ ಹತ್ತಿತು. ಹುಡುಕಿದರೆ, ಕನೆಕ್ಟಿಂಗ್ ರಾಡಿನ ಬೋಲ್ಟು ಸಡಿಲವಾಗಿ ರಾಡು ಎಂಜಿನ್ನಿನ ಹೊಟ್ಟೆಯನ್ನೇ ಒಡೆದಿತ್ತು. ಕಂಪನಿ ಕಾರು ಓಡಿಸಬೇಡಿ ಎಂದು ಸಾರಿ, ಅಲ್ಲಿಯವರೆಗೆ ಮಾಡಿದ 785 ಕಾರುಗಳ ಎಂಜಿನ್ನನ್ನೂ ಪೂರ್ತಿ ಬದಲಿಸಿಕೊಟ್ಟಿತು. ಈಗ ಅಂಥ ಕಾರು ಮಾರಾಟಕ್ಕೆ ಬಂದರೆ ಅದು ಕೆಟ್ಟ ಎಂಜಿನ್ನೋ ಒಳ್ಳೆಯದೋ? ಬದಲಾದ ಎಂಜಿನ್ನಿನ ಕಾಗದ ಕೈಯಲ್ಲಿದ್ದರೆ ಆ ಬೋಲ್ಟಿನ ಭಯ ಅಲ್ಲಿಗೆ ಮುಗಿಯಿತು.

‘ಇಷ್ಟೆಲ್ಲ ಯಾಕೆ, ಜಪಾನಿನದು ತಗೊಂಡರಾಯಿತಲ್ಲ’ ಎನ್ನುವವರಿಗೆ ಟೊಯೊಟಾ ಕಂಪನಿಯೇ ಉತ್ತರ ಕೊಟ್ಟಿದೆ. ಅದರ ಹೆಮ್ಮೆಯ ಸುಪ್ರಾ 2019ರಲ್ಲಿ ಮರಳಿ ಬಂದಾಗ ಬಾನೆಟ್ಟಿನಡಿ ಇದ್ದದ್ದು ಬಿಎಂಡಬ್ಲ್ಯುನ ಆರು ಸಿಲಿಂಡರಿನ ಬಿ58 ಎಂಜಿನ್. ಚೆನ್ನೈನಲ್ಲಿ ಜೋಡಣೆಯಾಗಿ 2021ರಿಂದ ನಮ್ಮಲ್ಲಿ ಮಾರಾಟವಾದ ಬಿಎಂಡಬ್ಲ್ಯು ಎಂ340ಐನಲ್ಲಿ ಇರುವುದೂ ಅದೇ ಕುಟುಂಬದ ಎಂಜಿನ್. ಜರ್ಮನ್ ಎಂಜಿನ್ ಬೇಡ ಎಂದು ಸುಪ್ರಾ ಕೊಂಡವರ ಕಥೆ ಏನಾಗಬೇಕು? ಹಾಗೆಂದು ಬಿಎಂಡಬ್ಲ್ಯು ಎಂದೊಡನೆ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಅದೇ ಕಂಪನಿಯ ಹಿಂದಿನ ಎನ್54 ಎಂಜಿನ್ನಿನ ಪೆಟ್ರೋಲ್ ಪಂಪು ಎಷ್ಟು ಕಾಡಿತೆಂದರೆ 2010ರಲ್ಲಿ ಅಮೆರಿಕದಲ್ಲಿ ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಬೇಕಾಯಿತು. ಜಪಾನಿನ ಮಾಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ ಕಂಪ್ರೆಶನ್ ಕಳೆದುಕೊಳ್ಳುತ್ತಿತ್ತು. ಕಂಪನಿ ಅಮೆರಿಕದಲ್ಲಿ ಎಂಜಿನ್ ವಾರಂಟಿಯನ್ನು 8 ವರ್ಷಕ್ಕೆ ಏರಿಸಿತು. ಇಂಗ್ಲೆಂಡಿನ ಲೋಟಸ್, ಯಾರೂ ನಂಬಿಕೆಗೆ ಹೆಸರಾದ ಕಂಪನಿ ಎನ್ನುವುದಿಲ್ಲ, ಎವೋರಾ ಕಾರಿಗೆ ಹಾಕಿದ್ದು ಟೊಯೊಟಾ ಕ್ಯಾಮ್ರಿಯ ವಿ6 ಎಂಜಿನ್ನನ್ನು. ದೇಶ, ಕಂಪನಿ, ಲಾಂಛನ ಇವುಗಳಲ್ಲಿ ಯಾವುದನ್ನು ಹಿಡಿದರೂ ಎಂಜಿನ್ ಕೈಗೆ ಸಿಗುವುದಿಲ್ಲ. ಕೇಳಬೇಕಾದದ್ದು ಎಂಜಿನ್ನಿನ ಕೋಡ್ ಮತ್ತು ಅದು ತಯಾರಾದ ವರ್ಷ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ವಯನಾಡಿನ ರಸ್ತೆಯಲ್ಲಿ ಯಾರು ರೇಸ್ ಓಡಿಸುತ್ತಾರೆ, ನಿಧಾನಕ್ಕೆ ಓಡಿಸಿದರೆ ಯಾವ ಎಂಜಿನ್ನಾದರೂ ಬಾಳುತ್ತದೆ ಎನ್ನುವುದು. ಅರ್ಧ ನಿಜ. ಉಳಿದರ್ಧ ತಿರುಗುಮುರುಗು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಎರಡು ಮೂರು ಕಿಲೋಮೀಟರು ಓಡುವ ಎಂಜಿನ್ನಿನಲ್ಲಿ ಆಯಿಲ್ ತಕ್ಕಷ್ಟು ಕಾಯುವುದೇ ಇಲ್ಲ. ಸುಡದೆ ಉಳಿದ ಪೆಟ್ರೋಲು ಮತ್ತು ನೀರಾವಿ ಆಯಿಲ್ಲಿನಲ್ಲೇ ಸೇರಿಕೊಳ್ಳುತ್ತವೆ. ಮಳೆಗಾಲದ ತೇವದ ಹವೆಯಲ್ಲಿ ಹೀಗೆ ಕೆಲವು ವಾರ ಓಡಿದ ಗಾಡಿಯ ಆಯಿಲ್ ಮುಚ್ಚಳ ತೆಗೆದು ಅದರ ಒಳಮೈ ನೋಡಿ. ಕಡೆದ ಮಜ್ಜಿಗೆಯ ನೊರೆಯಂಥ ಬಿಳಿ ಜಿಡ್ಡು ಅಂಟಿರಬಹುದು. ಅದು ಒಮ್ಮೊಮ್ಮೆ ಹೆಡ್ ಗ್ಯಾಸ್ಕೆಟ್ ಹೋದುದರ ಗುರುತು, ಬಹಳ ಸಲ ಬರೀ ಸಣ್ಣ ಓಡಾಟದ ಫಲ. ಇನ್ನು ಘಾಟಿ. ತಾಮರಶ್ಶೇರಿ ಚುರದ ಒಂಬತ್ತು ಹಿಮ್ಮುರಿ ತಿರುವುಗಳಲ್ಲಿ ಮುಂದಿನ ಲಾರಿಯ ಹಿಂದೆ ತೆವಳುವಾಗ ವೇಗವಿಲ್ಲ, ಹೊರೆ ಇದೆ. ರೇಡಿಯೇಟರಿಗೂ ಇಂಟರ್‌ಕೂಲರಿಗೂ ಗಾಳಿ ಬಡಿಯುವುದಿಲ್ಲ, ಟರ್ಬೊ ಮಾತ್ರ ಕೆಂಪಗೆ ಕಾದಿರುತ್ತದೆ. ಗೇರು ಇಳಿಸಲು ಸೋಮಾರಿತನವಾಗಿ ಮೂರನೇ ಗೇರಿನಲ್ಲೇ ಪೆಡಲ್ ಒತ್ತಿ ಎಳೆಸಿದರೆ, ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆ ಪೆಟ್ಟು ಬೀಳುವ ಸಂಭವವಿದೆ. ಪಿಸ್ಟನ್ ರಿಂಗಿನ ಅಂಚು ಮುರಿದ ಪ್ರಕರಣಗಳೂ ಇವೆ. ಈ ಕಾಟವನ್ನೂ ಗಮನದಲ್ಲಿಟ್ಟು ಆಯಿಲ್ಲಿನ ಮಾನದಂಡ ಬದಲಾಗಿ 2020ರಲ್ಲಿ ಎಪಿಐ ಎಸ್‌ಪಿ ದರ್ಜೆ ಬಂತು. ಡಬ್ಬದ ಮೇಲೆ ಆ ಎರಡಕ್ಷರ, ಮತ್ತು ಕಾರಿನ ಕೈಪಿಡಿ ಕೇಳುವ ದರ್ಜೆ, ಎರಡೂ ಇರಬೇಕು. ‘ಸಿಂಥೆಟಿಕ್ಕೇ ಸಾರ್’ ಎಂಬ ಅಂಗಡಿಯವನ ಭರವಸೆ ಸಾಲದು. ಘಾಟಿ ಹತ್ತಿ ಲಕ್ಕಿಡಿಯಲ್ಲಿ ಚಹಾಕ್ಕೆಂದು ನಿಲ್ಲಿಸಿ ಕೀಲಿ ತಿರುಗಿಸಿದ ಮೇಲೂ ಫ್ಯಾನು ಕೂಗುತ್ತಿದ್ದರೆ ಗಾಬರಿ ಬೇಡ, ಅದು ಟರ್ಬೊವನ್ನು ತಣಿಸುತ್ತಿದೆ. ಹಳೆಯ ಗಾಡಿಯಲ್ಲಿ ಆ ಏರ್ಪಾಡಿಲ್ಲದಿದ್ದರೆ ಆಫ್ ಮಾಡುವ ಮುಂಚೆ ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡಬೇಕು.

ಎಥೆನಾಲಿನ ಚಿಂತೆಯೂ ಈಗ ಎಲ್ಲರ ಬಾಯಲ್ಲಿದೆ. ದೇಶದ ಪೆಟ್ರೋಲು ಶೇಕಡಾ 20 ಎಥೆನಾಲ್ ಬೆರೆಸಿದ್ದಾಗಿದೆ. 2023ರ ಏಪ್ರಿಲಿಗೆ ಮೊದಲಿನ ಬಹಳಷ್ಟು ಕಾರುಗಳು ಅದಕ್ಕೆಂದು ಮಾಡಿದವಲ್ಲ. ಆದರೆ ಎಥೆನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚು, ಹೊಡೆತ ತಪ್ಪಿಸುವ ವಿಷಯದಲ್ಲಿ ಅದು ಟರ್ಬೊಗೆ ಮಿತ್ರನೇ. ಅದರ ಕಾಟ ರಬ್ಬರ್ ಹೋಸು, ಸೀಲುಗಳ ಮೇಲೆ, ಮತ್ತು ತಿಂಗಳುಗಟ್ಟಲೆ ಟಾರ್ಪಾಲಿನಡಿ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಹೀರುವ ಗುಣದಲ್ಲಿ. ಸ್ಪೋರ್ಟ್ಸ್ ಕಾರುಗಳು ನಿಲ್ಲುವುದೇ ಹೆಚ್ಚು.

ಎಂಜಿನ್ ಗಟ್ಟಿ ಇದ್ದ ಮಾತ್ರಕ್ಕೆ ಗಾಡಿ ಮನೆ ಸೇರುತ್ತದೆಂದಲ್ಲ. 2013ರಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ 16 ಲಕ್ಷ ಕಾರುಗಳ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸಿಗೆ ವಾಪಸಾತಿ ಘೋಷಿಸಿತು. ಸಿಂಥೆಟಿಕ್ ಆಯಿಲ್ಲಿನಿಂದ ಒಳಗೆ ವಿದ್ಯುತ್ ಶಾರ್ಟ್ ಆಗುತ್ತಿತ್ತು, ಮುಖ್ಯವಾಗಿ ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಸಾಗುವ ಓಡಾಟದಲ್ಲಿ. ಕೇರಳದ ಮಳೆ, ಘಾಟಿಯ ಟ್ರಾಫಿಕ್ಕು ಎಂದು ಬೇರೆ ಹೇಳಬೇಕೇ! ಪರಿಹಾರ ಮಾತ್ರ ತಮಾಷೆಯದು: ಹಳೆಯ ಕಾಲದ ಮಿನರಲ್ ಆಯಿಲ್. ಬಿಡಿಭಾಗ ಸಿಗದಿದ್ದರೆ ಸರಳ ಎಂಜಿನ್ನೂ ಹೊರೆಯೇ. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಬಾಗಿಲಿನ ಸ್ಯಾನ್ ಸ್ಟಾರ್ಮ್ ಕಾರಿಗೆ ರೆನೋದ 1.2 ಲೀಟರಿನ, 60 ಅಶ್ವಶಕ್ತಿಯ ಬಡಪಾಯಿ ಎಂಜಿನ್ನಿತ್ತು. ಅದರಲ್ಲಿ ಮುರಿಯುವಂಥದ್ದು ಹೆಚ್ಚೇನಿರಲಿಲ್ಲ. ಅಂಥ ಕಾರೊಂದು ಇಂದು ಕೆಟ್ಟು ನಿಂತರೆ, ಭಾಗ ಹುಡುಕುವುದೇ ರಿಪೇರಿಗಿಂತ ದೊಡ್ಡ ಕೆಲಸ. ಪೂರ್ತಿ ಆಮದಾಗಿ ಬಂದ ಕಾರಿಗೂ ಚೆನ್ನೈನಲ್ಲಿ ಜೋಡಿಸಿದ ಕಾರಿಗೂ ಇಲ್ಲಿ ವ್ಯತ್ಯಾಸ ಬೀಳುತ್ತದೆ. ಕಾಡಿನ ಗೇಟು ಮುಚ್ಚುವ ಮುಂಚೆ ಬಾವಲಿ ತಲುಪದ ಗಾಡಿಯನ್ನು ಎಳೆದೊಯ್ಯಲು ಮೈಸೂರಿನ ಲಾರಿ ಬರುವುದು ಮರುದಿನವೇ, ಅದೂ ಚಪ್ಪಟೆ ಹಾಸಿನ ಲಾರಿಯೇ ಆಗಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರನ್ನು ಎರಡು ಚಕ್ರ ಎತ್ತಿ ಎಳೆದರೆ ಗೇರ್‌ಬಾಕ್ಸು ಹೋಯಿತು.

ವಾರಂಟಿಯೂ ವಿಮೆಯೂ ಇಲ್ಲವೇ ಎನ್ನಬಹುದು. ಸಾಮಾನ್ಯ ವಿಮೆ ಯಾಂತ್ರಿಕ ದೋಷಕ್ಕೆ ಚಿಕ್ಕಾಸೂ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಹೆಚ್ಚಾಗಿ ನೆರವಾಗುವುದು ನೀರು ಒಳಹೊಕ್ಕ ನಷ್ಟಕ್ಕೆ, ಸವೆತಕ್ಕಲ್ಲ. ಅದನ್ನು ವಯನಾಡಿನವರು ತಪ್ಪದೆ ಮಾಡಿಸಬೇಕು. ತಗ್ಗಿನ ಕಾರಿನ ಗಾಳಿದ್ವಾರವೂ ತಗ್ಗಿನಲ್ಲೇ ಇರುತ್ತದೆ. ನೀರು ಕುಡಿದು ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ವಾರಂಟಿಯನ್ನು ಕಳೆದುಕೊಳ್ಳುವ ದಾರಿಗಳೂ ಹಲವು, ರೀಮ್ಯಾಪ್ ಅವುಗಳಲ್ಲಿ ಹೆಚ್ಚು ಜನಪ್ರಿಯ. ಲ್ಯಾಪ್‌ಟಾಪ್ ಚುಚ್ಚಿ ಅರ್ಧ ಗಂಟೆಯಲ್ಲಿ ಐವತ್ತು ಅಶ್ವಶಕ್ತಿ ಏರಿಸಿಕೊಂಡ ಕಾರನ್ನು, ಮಾರುವ ಮುಂಚೆ ಮತ್ತೆ ಮೊದಲಿನಂತೆ ಮಾಡಿಟ್ಟರೂ ಕಂಪನಿಯ ಕಂಪ್ಯೂಟರು ಅನೇಕ ಸಲ ಅದನ್ನು ಕಂಡುಹಿಡಿಯುತ್ತದೆ. ಕೊಳ್ಳುವವರಿಗೆ ಆ ಗುಟ್ಟು ಗೊತ್ತಾಗುವುದು ಕ್ಲೇಮು ತಿರಸ್ಕೃತವಾದ ದಿನ.

ಇಷ್ಟು ಲೆಕ್ಕ ಹಾಕುವವನಿಗೆ ಸ್ಪೋರ್ಟ್ಸ್ ಕಾರು ಯಾಕೆ, ಸುಮ್ಮನೆ ಇನೋವಾ ಕೊಳ್ಳಲಿ ಎನ್ನುವ ಮಾತಿನಲ್ಲಿ ರಸಿಕತೆಯಿದೆ. ಆದರೆ ಓಡಿಸುವ ಸುಖಕ್ಕಾಗಿ ಕೊಂಡ ಕಾರು ವರ್ಷದಲ್ಲಿ ಆರು ತಿಂಗಳು ಕೋಝಿಕ್ಕೋಡಿನ ವರ್ಕ್‌ಶಾಪಿನಲ್ಲಿ ಭಾಗಕ್ಕೆ ಕಾಯುತ್ತ ಕುಳಿತರೆ ಆ ಸುಖ ಯಾರಿಗೆ? ನನ್ನ ಮತ ಕೇಳಿದರೆ, ಮಾನಂದವಾಡಿಯವರಿಗೆ ಹತ್ತು ವರ್ಷ ಹಳೆಯ, ಎಂಟು ಸಾವಿರ ಸುತ್ತು ತಿರುಗುವ ಹೆಸರಾಂತ ಎಂಜಿನ್ನಿಗಿಂತ ಐದಾರು ವರ್ಷ ಮಾರುಕಟ್ಟೆಯಲ್ಲಿ ಪಳಗಿದ, ದೇಶದಲ್ಲೇ ಜೋಡಣೆಯಾದ ಟರ್ಬೊ ಎಂಜಿನ್ ವಾಸಿ, ಅದರ ಹಾಡು ಅಷ್ಟು ಇಂಪಾಗಿರದಿದ್ದರೂ. ಹೊಸದಾಗಿ ಬಂದ ಎಂಜಿನ್ನನ್ನು ಮೊದಲ ವರ್ಷವೇ ಕೊಳ್ಳುವುದು ಬೇಡ. ಅದರ ದೌರ್ಬಲ್ಯ ಯಾವುದೆಂದು ಇನ್ನೂ ಕಂಪನಿಗೇ ಗೊತ್ತಿರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಓಡೋಮೀಟರಿನ ಕಡಿಮೆ ಅಂಕೆಗೆ ಮರುಳಾಗುವುದಕ್ಕಿಂತ ಸರ್ವಿಸ್ ದಾಖಲೆಯಲ್ಲಿ ಆಯಿಲ್ ಬದಲಿಸಿದ ತಾರೀಖುಗಳನ್ನು ಓದಬೇಕು. ಕಂಪನಿ ಹದಿನೈದು ಸಾವಿರ ಕಿಲೋಮೀಟರಿಗೆ ಎಂದರೂ ಏಳೆಂಟು ಸಾವಿರಕ್ಕೇ ಬದಲಿಸಿದ ಮಾಲೀಕ ಸಿಕ್ಕರೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ. ಗಾಡಿ ನೋಡಲು ಹೋಗುವುದು ಬೆಳಿಗ್ಗೆಯೇ ಆಗಲಿ, ಎಂಜಿನ್ ರಾತ್ರಿಯಿಡೀ ತಣ್ಣಗಿದ್ದಾಗ. ಟೈಮಿಂಗ್ ಚೈನು ಸಡಿಲಾಗಿದ್ದರೆ ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡು ಗಲಗಲ ಸದ್ದು ಬರುತ್ತದೆ, ಆಯಿಲ್ ಒತ್ತಡ ಏರಿದ ಕೂಡಲೇ ಅಡಗುತ್ತದೆ. ಬಿಸಿ ಎಂಜಿನ್ನಿನಲ್ಲಿ ಅದು ಕೇಳಿಸುವುದೇ ಕಷ್ಟ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಕುಡಿಯುತ್ತಿದೆ. ಆದ್ದರಿಂದ ಕೀಲಿ ಕೇಳುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ, ‘ನಾಳೆ ಬರ್ತೀನಿ, ಅಲ್ಲೀವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ ಹೊರಡುವುದು.