ತಪ್ಪು ತಾಯೀದಲ್ರೀ!

ಎಂಟು-ಹತ್ತು ವರ್ಷದ ಮಗುವನ್ನು ಬಗಲಲ್ಲಿ ಎತ್ತಿಕೊಂಡು ತಾಯಿಯೊಬ್ಬಳು ಬಸ್ ಹತ್ತಿದರೆ ಸಾಕು, ಎಲ್ಲರ ಕಣ್ಣೂ ಆಕೆಯ ಮೇಲೆ. ಕತ್ತು ನಿಲ್ಲದ ಕೂಸು, ಕೈಯಲ್ಲೊಂದು ಆಸ್ಪತ್ರೆ ಫೈಲು. ಪಕ್ಕದ ಸೀಟಿನವರು ಕೇಳಿಯೇ ಬಿಡುತ್ತಾರೆ: 'ಹುಟ್ಟಿದಾಗಿಂದ ಹಿಂಗ ಏನವ್ವಾ? ಬಸುರಿದ್ದಾಗ ಏನರ ತಿಂದಿದ್ದೇನು? ಗ್ರಹಣ ನೋಡಿದ್ದೇನು?'

ಕೇಳುವವರ ಮನಸ್ಸು ಕೆಟ್ಟದ್ದಲ್ಲ ಅನ್ನೋಣ. ಆದರೆ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವವರೆಗೂ ಆಕೆ ಕಟಕಟೆಯಲ್ಲಿ ನಿಂತಂತೆಯೇ.

ನಿಜ ಸಂಗತಿ ಬೇರೆ ಇದೆ. ವಂಶದಿಂದ ಬರುವ ಅಪರೂಪದ ಕಾಯಿಲೆಗಳಲ್ಲಿ ಹಲವಕ್ಕೆ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು, ಹೀಗೆ ಎರಡು ಕೆಟ್ಟ ಜೀನ್ ಕೂಡಬೇಕು. ಒಂದೊಂದೇ ಇರುವುದರಿಂದ ಗಂಡ-ಹೆಂಡತಿ ಇಬ್ಬರೂ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಪ್ರತಿ ಬಸುರಿನಲ್ಲೂ ನಾಲ್ಕಕ್ಕೊಂದು ಪಾಲು ಅಪಾಯ. 'ಮೊದಲನೇದು ಹಂಗಾತು, ಇನ್ನ ಮೂರು ಪಾರು' ಅನ್ನಲಿಕ್ಕೆ ಇದೇನು ಉದ್ರಿ ಲೆಕ್ಕವೇ? ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ನಮ್ಮ ರೂಢಿಯಲ್ಲಿ ಈ ಕೂಡಿಕೆ ಇನ್ನಷ್ಟು ಸಲೀಸು. ಆಸ್ತಿ ಹೊರಗೆ ಹೋಗಬಾರದೆಂದು ಆ ಮದುವೆ ಗೊತ್ತುಮಾಡಿದ ಹಿರಿಯರನ್ನು ಮಾತ್ರ ಯಾವ ಬಸ್ಸಿನಲ್ಲೂ ಯಾರೂ ಕೇಳುವುದಿಲ್ಲ! ಕೆಲವು ಕಾಯಿಲೆ ತಂದೆತಾಯಿಯಲ್ಲಿ ಇಲ್ಲದೆ ಕೂಸಿನಲ್ಲೇ ಹೊಸದಾಗಿ ಮೂಡುವುದೂ ಉಂಟು.

ಇತ್ತ ಮನೆಯ ಪಾಡು ನೋಡ್ರಿ. ಕಣ್ಣು ಮಂಜು, ಕಿವಿ ಮಂದ, ಕಾಲಲ್ಲಿ ಕಸುವಿಲ್ಲ, ಮೇಲೆ ಫಿಟ್ಸು. ಮೆತ್ತಗೆ ಕಲಸಿದ ಅನ್ನ ಉಣಿಸಲು ತಾಸು ಬೇಕು. ನೆತ್ತಿಗೇರಿದರೆ ಉಸಿರಿಗೇ ಸಂಚಕಾರ. ಮಗುವಿನ ತೂಕ ವರ್ಷವರ್ಷ ಏರುತ್ತದೆ. ಎತ್ತುವ ಸೊಂಟ ಅದೇ.

ಸರಕಾರ ಸುಮ್ಮನೆ ಕೂತಿಲ್ಲ. 2021ರಲ್ಲಿ ಅಪರೂಪದ ಕಾಯಿಲೆಗಳಿಗೆಂದೇ ಕೇಂದ್ರದ ನೀತಿ ಬಂತು. 2022ರಲ್ಲಿ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಆದರೆ ಅದು ಪಟ್ಟಿಯಲ್ಲಿರುವ ಕಾಯಿಲೆಗಷ್ಟೇ, ಅದೂ ಗೊತ್ತುಮಾಡಿದ ಕೇಂದ್ರದ ಮೂಲಕ. ಬೆಂಗಳೂರಿನ ಕೇಂದ್ರಕ್ಕೆ ಇಲ್ಲಿಂದ 400 ಕಿಲೋಮೀಟರು! ಔಷಧವೇ ಇಲ್ಲದ ಕಾಯಿಲೆಗಳೂ ಬಹಳ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಬಹುವಿಕಲತೆ ಉಳ್ಳವರಿಗೆ ಒಂದು ಲಕ್ಷದವರೆಗಿನ 'ನಿರಾಮಯ' ಆರೋಗ್ಯ ವಿಮೆ ಇದೆ. ಇದು ಎಷ್ಟು ಮನೆಗಳಿಗೆ ಗೊತ್ತು?

ರೋಗದ ಮೂಲ ಪರೀಕ್ಷೆಯಲ್ಲಿ ಸಿಕ್ಕಿದ್ದರೆ, ಮುಂದಿನ ಬಸುರಿನ ಮೂರನೇ ತಿಂಗಳಲ್ಲೇ ಕೂಸಿಗೆ ಅದು ಇದೆಯೋ ಇಲ್ಲವೋ ನೋಡಬಹುದು. ಅದಕ್ಕೆ ಮೊದಲು ಇಬ್ಬರ ರಕ್ತವೂ ಬೇಕು. ಆಗ ಕೆಲವು ಗಂಡಂದಿರ ವರಸೆ ಬದಲಾಗುತ್ತದೆ: 'ನಮ್ಮ ಮನೆತನದಾಗ ಅಂಥಾದ್ದು ಇಲ್ರೀ, ಆಕಿದಷ್ಟ ತಗೋರಿ!'