ಪುಣೆಯಲ್ಲಿ ಓದುವವರ ಶನಿವಾರ, ಭಾನುವಾರ

ಪುಣೆಗೆ ಓದಲು ಬಂದಿದ್ದೀರಾ? ರಜೆ ಸಿಕ್ಕರೆ ಎಲ್ಲರೂ ಶನಿವಾರವಾಡಕ್ಕೇ ಓಡುತ್ತಾರೆ. ಹೋಗಿ ಬನ್ನಿ, ಆದರೆ 1828ರ ಬೆಂಕಿಯ ನಂತರ ಅಲ್ಲಿ ಉಳಿದಿರುವುದು ಕೋಟೆಗೋಡೆ, ಹೆಬ್ಬಾಗಿಲು, ಅಡಿಪಾಯ ಅಷ್ಟೇ.

ನನ್ನ ಕೇಳಿದರೆ, ಮೊದಲು ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ. ರಾಷ್ಟ್ರಕೂಟರ ಕಾಲದ್ದು, 8ನೇ ಶತಮಾನ. ಹೌದು, ಮುಂದೆ ನಮ್ಮ ಮಳಖೇಡದಿಂದ ಆಳಿದರಲ್ಲ, ಅದೇ ಮನೆತನ! ಕಪ್ಪು ಬಂಡೆಯನ್ನೇ ಕೊರೆದು ಮಾಡಿದ ಗುಡಿ. ಅಂಗಳದಲ್ಲಿ ಕೊಡೆ ಬಿಚ್ಚಿಟ್ಟಂಥ ದುಂಡನೆಯ ನಂದಿಮಂಟಪ. ಕೆತ್ತನೆ ಅರ್ಧಕ್ಕೇ ನಿಂತಿದೆ, ಗಮನಿಸಿ.

ಅಲ್ಲಿಂದ ಫರ್ಗ್ಯುಸನ್ ಕಾಲೇಜಿಗೆ ನಡೆದೇ ಹೋಗಬಹುದು. ಧಾರವಾಡದ ಬೇಂದ್ರೆ 1918ರಲ್ಲಿ ಬಿ.ಎ. ಮುಗಿಸಿದ್ದು ಇಲ್ಲೇ.

ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ್ದು. ಟಿಕೆಟ್ ಮೊದಲೇ ತೆಗೆದಿಡಿ.