ಕುರ್ಚಿಯನ್ನೊಮ್ಮೆ ಬೋರಲು ಹಾಕಿ ನೋಡಿ

ಹೋದ ವರ್ಷ ಶ್ರಾವಣದಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ, ಮಾವಳ್ಳಿಯ ನಮ್ಮ ಮನೆಯಂಗಳಕ್ಕೆ ಪಿಕಪ್ ಗಾಡಿಯೊಂದು ಬಂದು ನಿಂತಿತು. ಹಿಂದೆ ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಯಾರದೋ ಹಳೆ ಮನೆಯ ಬಾಗಿಲ ದಾರಂದ. ಗಾಡಿಯಿಂದ ಇಳಿದವನು ‘ಹಳೇ ಸಾಮಾನು ಇದ್ರೆ ಕೊಡಿ ಅಕ್ಕಾ, ಒಳ್ಳೆ ರೇಟು ಕೊಡ್ತೇನೆ’ ಎಂದು ಅಮ್ಮನಿಗೆ ಹೇಳುತ್ತಲೇ ಜಗಲಿಯ ಮೂಲೆ ನೋಡಿದ. ಅಲ್ಲಿ ಅಜ್ಜನ ಆರಾಮ ಕುರ್ಚಿ ಇತ್ತು.

ಅಜ್ಜ ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಬೆತ್ತದ ಹೆಣಿಗೆ ನಡುವೆ ಹರಿದು ಹೋಗಿತ್ತು. ಕೊಡೆ, ಹಳೆ ಪೇಪರು, ಮಳೆಗಾಲದಲ್ಲಿ ಒಣಗದ ಬಟ್ಟೆ ಇಡಲು ಅದು ನಮಗೆ ಅನುಕೂಲದ ಜಾಗವಾಗಿತ್ತು ಅಷ್ಟೆ. ಆತ ಅವನ್ನೆಲ್ಲ ಕೆಳಗಿಟ್ಟ. ಕುರ್ಚಿಯ ಅಂದ ನೋಡಲಿಲ್ಲ, ಕೂತು ನೋಡಲಿಲ್ಲ. ಸೀದಾ ಬೋರಲು ಹಾಕಿದ! ಅಡಿಭಾಗದ ಮರವನ್ನು ಉಗುರಿನಿಂದ ಕೆರೆದು, ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ‘ಬ್ರಿಟಿಷ್ ಕಾಲದ್ದು. ಬೆತ್ತ ಹೋಗಿದೆ, ಇಲ್ಲದಿದ್ರೆ ಹೆಚ್ಚು ಕೊಡ್ತಿದ್ದೆ. ನಾಲ್ಕು ಸಾವಿರ’ ಎಂದ.

ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು ನನಗೆ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗಿಗೆ ಎರಡನೇ ಕಂತು ಐದು ಸಾವಿರ ಕಟ್ಟುವುದು ಬಾಕಿ ಇತ್ತು. ಅಮ್ಮ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ‘ವಿಚಾರ ಮಾಡಿ, ಮುಂದಿನ ವಾರ ಬರ್ತೇನೆ’ ಎಂದು ಆತ ಹೊರಟುಹೋದ.

ಮಾರುವುದೆಂದೇ ನನ್ನ ಮನಸ್ಸಿನಲ್ಲಿತ್ತು. ಆದರೆ ಆತ ಕುರ್ಚಿಯನ್ನು ಬೋರಲು ಹಾಕಿದ್ದು ಯಾಕೆ ಎಂಬ ಪ್ರಶ್ನೆ ತಲೆಯಲ್ಲಿ ಉಳಿಯಿತು. ಮಧ್ಯಾಹ್ನ ನಾನೂ ಹಾಗೇ ಮಾಡಿದೆ. ಮೇಲೆಲ್ಲ ನುಣುಪಾಗಿದ್ದ ಮರ ಅಡಿಯಲ್ಲಿ ಒರಟಾಗಿತ್ತು, ಗರಗಸದ ಗೀರುಗಳು ಹಾಗೇ ಇದ್ದವು. ಇಡೀ ಕುರ್ಚಿಯಲ್ಲಿ ಒಂದೂ ಕಬ್ಬಿಣದ ಮೊಳೆ ಇರಲಿಲ್ಲ, ಇದ್ದದ್ದು ಬಿದಿರಿನ ಗೂಟ. ಪ್ರತಿ ಜೋಡಣೆಯ ಪಕ್ಕ ಉಳಿಯಿಂದ ಹೊಡೆದ ಸಣ್ಣ ಗೆರೆಗಳಿದ್ದವು: ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಮೂರು. ಇಪ್ಪತ್ತನಾಲ್ಕು ವರ್ಷ ಈ ಕುರ್ಚಿಯ ಪಕ್ಕದಲ್ಲೇ ಓಡಾಡಿದವನು ನಾನು, ಆ ಗೆರೆ ನೋಡಿದ್ದು ಅದೇ ಮೊದಲು.

ರಾತ್ರಿ ಮೊಬೈಲಿನಲ್ಲಿ ಹಳೆ ಕುರ್ಚಿಗಳ ಬಗ್ಗೆ ಹುಡುಕುತ್ತ ಕೂತೆ. ಬ್ರಿಟಿಷ್ ಕಾಲದ್ದು ಅಂದನಲ್ಲ, ಬ್ರಿಟನ್ನಿನಿಂದಲೇ ಶುರು ಮಾಡಿದೆ. ಸಿಕ್ಕಿದ್ದು ಅರಮನೆಯ ಕುರ್ಚಿಗಳಲ್ಲ, ಹಳ್ಳಿಯ ಕುರ್ಚಿಗಳು. ಓದುತ್ತ ಹೋದಂತೆ ನಿದ್ದೆ ಹಾರಿತು.

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಹೈ ವೈಕೊಂಬ್ ಎಂಬ ಊರಿದೆ. ಸುತ್ತ ಬೀಚ್ ಮರದ ಕಾಡು. 19ನೇ ಶತಮಾನದಲ್ಲಿ ಅಲ್ಲಿ ‘ಬಾಡ್ಜರ್’ ಎಂದು ಕರೆಸಿಕೊಳ್ಳುವ ಕೆಲಸಗಾರರು ಕಾಡಿನಲ್ಲೇ ಗುಡಿಸಲು ಹಾಕಿ, ಕಾಲಿನಿಂದ ತುಳಿಯುವ ಚರಕಿಯಲ್ಲಿ ಹಸಿ ಮರವನ್ನು ಕಡೆದು ಕುರ್ಚಿಯ ಕಾಲು ಮಾತ್ರ ಮಾಡುತ್ತಿದ್ದರು. ಕೂರುವ ಹಲಗೆ ಎಲ್ಮ್ ಮರದ್ದು, ಅದನ್ನು ಮಾಡುವವರು ಬೇರೆ. ಎಲ್ಲ ಸೇರಿ ‘ವಿಂಡ್ಸರ್ ಕುರ್ಚಿ’ಯಾಗುತ್ತಿತ್ತು. ಅದೇ ದೇಶದ ಲ್ಯಾಂಕಶೈರ್ ಕಡೆಗೆ ಹೋದರೆ ಬೆನ್ನಿಗೆ ಏಣಿಯ ಮೆಟ್ಟಿಲಿನಂಥ ಪಟ್ಟಿಗಳು, ಕೂರಲು ಜೊಂಡುಹುಲ್ಲಿನ ಹೆಣಿಗೆ. ವೇಲ್ಸಿನಲ್ಲಿ ತೋಳಿಗೆ ಮರವನ್ನು ಬಗ್ಗಿಸುವ ತಾಪತ್ರಯವೇ ಇಲ್ಲ, ತಾನಾಗಿಯೇ ಬಾಗಿ ಬೆಳೆದ ಕೊಂಬೆ ಹುಡುಕಿ ತರುತ್ತಿದ್ದರು.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್‌ನಿ ದ್ವೀಪಗಳಲ್ಲಿ ಮರವೇ ಅಪರೂಪ. ಸಮುದ್ರ ದಡಕ್ಕೆ ತಂದು ಹಾಕಿದ ಮರದ ತುಂಡಿನಿಂದ ಚೌಕಟ್ಟು ಮಾಡಿ, ಓಟ್ಸ್ ಹುಲ್ಲನ್ನು ಹೊಲಿದು ಎತ್ತರದ ಬೆನ್ನು ಕಟ್ಟುತ್ತಿದ್ದರು. ಚಳಿಗಾಳಿ ಬೆನ್ನಿಗೆ ಬಡಿಯಬಾರದಲ್ಲ! ಐರ್ಲೆಂಡಿನ ಬಡ ರೈತನ ಮನೆಯಲ್ಲಿ ‘ಸೂಗಾನ್’ ಕುರ್ಚಿ. ಹುಲ್ಲು ಹೊಸೆದು ಮಾಡಿದ ಹಗ್ಗಕ್ಕೆ ಅಲ್ಲಿನ ಭಾಷೆಯಲ್ಲಿ ಸೂಗಾನ್ ಎನ್ನುತ್ತಾರೆ, ಅದನ್ನೇ ಸುತ್ತಿ ಕೂರುವ ಜಾಗ ಮಾಡಿದ್ದು. ನಮ್ಮಲ್ಲಿ ಹುಲ್ಲುಹೊರೆ ಕಟ್ಟಲು ಹೊಸೆಯುತ್ತೇವಲ್ಲ, ಹಾಗೆಯೇ.

ಇವೆಲ್ಲ ಸಾಮಾನ್ಯರ ಕುರ್ಚಿಗಳು. ದೊಡ್ಡ ಮನೆತನದ ಪೀಠೋಪಕರಣಗಳ ಬಗ್ಗೆ ಪುಸ್ತಕಗಳು ಬಂದಷ್ಟು ಇವುಗಳ ಬಗ್ಗೆ ಬಂದಿರಲಿಲ್ಲ. ಬರ್ನಾರ್ಡ್ ಕಾಟನ್ ಎಂಬ ಸಂಶೋಧಕ ಇಂಗ್ಲೆಂಡಿನ ಪ್ರಾದೇಶಿಕ ಕುರ್ಚಿಗಳ ಮೇಲೆ 1990ರಲ್ಲಿ ದೊಡ್ಡ ಪುಸ್ತಕ ತಂದರು. ಕುರ್ಚಿಯ ಮೇಲೆ ಒತ್ತಿದ ಹೆಸರಿನ ಮುದ್ರೆ, ಹಳೆ ದಾಖಲೆ, ಕಾಲು ಕಡೆದ ರೀತಿ, ಇಂಥ ಗುರುತುಗಳಿಂದ ಯಾವ ಕುರ್ಚಿ ಯಾವ ಸೀಮೆಯದು ಎಂದು ವಿಂಗಡಿಸಿದರು. ಐರ್ಲೆಂಡಿನ ಹಳ್ಳಿಮನೆಯ ಸಾಮಾನುಗಳ ಬಗ್ಗೆ ಕ್ಲಾಡಿಯಾ ಕಿನ್‌ಮಂತ್ 1993ರಲ್ಲಿ ಬರೆದರು. ನಮ್ಮಲ್ಲಿ ಮೂಲೆಗೆ ಬಿದ್ದಿರುವಂಥದ್ದೇ ಸಾಮಾನು ಅವು. ಯಾರೋ ಕೂತು ಲೆಕ್ಕ ಇಟ್ಟರು, ಅಷ್ಟೇ ವ್ಯತ್ಯಾಸ.

ಹಾಗಾದರೆ ಅಜ್ಜನ ಕುರ್ಚಿ ಯಾವ ಸೀಮೆಯದು? ಮರುದಿನ ಅಜ್ಜಿಯನ್ನು ಕೇಳಿದೆ. ‘ಆಚಾರಿನ್ನ ಕೇಳು, ಅವ್ರೇ ಮಾಡಿದ್ದು’ ಎಂದಳು, ಅಡಿಕೆ ಹೋಳು ಮಾಡುತ್ತ. ಆ ಆಚಾರಿ ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿದ್ದಾರೆ! ಎಂಬತ್ತರ ಹತ್ತಿರದ ವಯಸ್ಸು, ಕಣ್ಣು ಮಂಜು. ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ಅವರೂ ಕುರ್ಚಿಯನ್ನು ಬೋರಲು ಹಾಕಿಸಿದರು. ಕಣ್ಣಿನಿಂದ ನೋಡಲಿಲ್ಲ, ಬೆರಳು ಆಡಿಸಿದರು. ಗೆರೆಗಳು ಸಿಕ್ಕಿದೊಡನೆ ನಕ್ಕರು.

‘ನನ್ನ ಕೈದೇ ತಮಾ ಇದು. ಗುರುತು ಹಾಕದೇ ಇದ್ರೆ ಯಾವ ತುದಿ ಯಾವ ಕುಳಿಗೆ ಅಂತ ಗೊತ್ತಾಗೂದು ಹೇಗೆ?’

‘ಬ್ರಿಟಿಷ್ ಕಾಲದ್ದು ಅಂತ ಒಬ್ರು ಹೇಳಿದ್ರು ಆಚಾರ್ರೆ’ ಎಂದೆ.

‘ಬ್ರಿಟಿಷ್ರು ಹೋಗಿ ಮೂವತ್ತು ವರ್ಷ ಆದ ಮೇಲೆ ಮಾಡಿದ್ದು. ಮಾದರಿ ಮಾತ್ರ ಅವ್ರದ್ದೇ’ ಎಂದರು. ತರುಣರಾಗಿದ್ದಾಗ ಸರ್ಕಾರಿ ಬಂಗಲೆಯೊಂದಕ್ಕೆ ರಿಪೇರಿ ಕೆಲಸಕ್ಕೆ ಹೋಗಿದ್ದರಂತೆ. ಅಲ್ಲಿ ಸಾಹೇಬರ ಕಾಲದ ಉದ್ದ ತೋಳಿನ ಕುರ್ಚಿಯಿತ್ತು. ಹಗ್ಗದಲ್ಲಿ ಗಂಟು ಹಾಕಿ ಅಳತೆ ತಂದಿದ್ದರು.

ಅದು ಇಲ್ಲಿಗೆ ಬಂದ ದಾರಿಯೂ ಊಹಿಸಲು ಕಷ್ಟವಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್‌ನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆ ಕಾಲದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಅಧಿಕಾರಿಗಳು ಬಂದರು, ಬಂಗಲೆಗಳು ಎದ್ದವು, ಬಂಗಲೆಯ ಜಗಲಿಗೆ ಕಾಲು ಚಾಚಿ ಮಲಗುವ ಕುರ್ಚಿ ಬಂತು. ಆದರೆ ಅದರ ಬೆತ್ತದ ಹೆಣಿಗೆ ಅವರದ್ದಲ್ಲ. ಇಂಗ್ಲೆಂಡಿಗೆ ಬೆತ್ತದ ಕುರ್ಚಿಯ ರೂಢಿ ಹೋದದ್ದೇ 17ನೇ ಶತಮಾನದಲ್ಲಿ, ಏಷ್ಯಾದ ವ್ಯಾಪಾರದ ಮೂಲಕ.

‘ಮರ ಯಾವುದು ಹೇಳು?’ ಎಂದು ಆಚಾರಿ ಕೇಳಿದರು. ಬಣ್ಣ ನೋಡಿ ‘ಸಾಗವಾನಿ’ ಎಂದೆ. ‘ಹಲಸು’ ಎಂದರು. ಕೊಯ್ದಾಗ ಹಳದಿ ಇರುವ ಹಲಸು ವರ್ಷ ಕಳೆದಂತೆ ಕಂದು ಕೆಂಪಾಗುತ್ತದಂತೆ. ‘ನಿಮ್ಮ ಅಂಗಳದ್ದೇ ಮರ. ಅದನ್ನ ಕಡಿಯೂಕೆ ನಿನ್ನ ಅಜ್ಜ ಎಷ್ಟು ವರ್ಷ ಕಾದಿದ್ದ ಗೊತ್ತಾ?’

ನನಗೆ ಗೊತ್ತಿರಲಿಲ್ಲ. ಮುಂದಿನದನ್ನು ಹೇಳಿದವಳು ಅಜ್ಜಿ.

ಅಜ್ಜ ಗೇಣಿ ಒಕ್ಕಲು. ಗದ್ದೆ ಒಡೆಯರದು, ಮನೆಯ ಅಡಿಯ ಜಾಗ ಒಡೆಯರದು, ಅಂಗಳದ ಹಲಸಿನ ಮರವೂ ಒಡೆಯರದೇ. ಹಣ್ಣು ತಿನ್ನಬಹುದಿತ್ತು, ಕೊಂಬೆ ಕಡಿಯುವಂತಿರಲಿಲ್ಲ. ಗೇಣಿ ಭತ್ತ ಅಳೆದುಕೊಡಲು ಹೋದರೆ ಅಂಗಳದಲ್ಲಿ ನಿಲ್ಲಬೇಕು. ಜಗಲಿಯ ಮೇಲೆ ಆರಾಮ ಕುರ್ಚಿಯಲ್ಲಿ ಒಡೆಯರು ಕವಳ ಹಾಕುತ್ತ ಕೂತಿರುತ್ತಿದ್ದರು. ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿ ಗೇಣಿದಾರರ ಪರ ಹೋರಾಡಿದ ಜಿಲ್ಲೆ ನಮ್ಮದು ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂದ ದಿನಾಂಕ 1974ರ ಮಾರ್ಚ್ 1 ಎಂಬುದೂ ನನ್ನ ನೋಟ್ಸಿನಲ್ಲಿದೆ. ಆದರೆ ಅಜ್ಜ ಏಳನೇ ನಂಬರಿನ ಫಾರ್ಮ್ ತುಂಬಿ ಡಿಕ್ಲರೇಷನ್ ಕೊಟ್ಟದ್ದು, ಭೂ ನ್ಯಾಯಮಂಡಳಿಗೆ ಅಲೆದದ್ದು, 1977ರಲ್ಲಿ ಆದೇಶ ಕೈಗೆ ಬಂದದ್ದು ನನಗೆ ಗೊತ್ತಿರಲಿಲ್ಲ.

‘ಆರ್ಡರ್ ಬಂದ ಮರುವರ್ಷ ಮರ ಕಡಿಸಿದ್ರು’ ಎಂದಳು ಅಜ್ಜಿ. ‘ಕಪಾಟು ಮಾಡ್ಸಿ, ಅಕ್ಕಿ ಪೆಟ್ಟಿಗೆ ಮಾಡ್ಸಿ ಅಂದೆ ನಾನು. ಕೇಳಲಿಲ್ಲ. ಮೊದಲು ಕುರ್ಚಿ ಆಗ್ಬೇಕು, ಒಡೆಯರ ಮನೇಲಿ ಇರೂ ಹಾಂಗಿಂದೇ ಅಂದ್ರು.’

ಬಂಗಲೆಯ ಮಾದರಿ, ನಮ್ಮಂಗಳದ ಮರ, ಘಟ್ಟದ ಕಾಡಿನ ಬೆತ್ತ. ಅಜ್ಜನ ಕುರ್ಚಿಯ ಸೀಮೆ ಇದು. ಈ ವಿಳಾಸ ಬೇರೆ ಯಾವ ಕುರ್ಚಿಗೂ ಇರಲಾರದು.

ಮುಂದಿನ ವಾರ ಗಾಡಿ ಬಂತು. ಕೊಡುವುದಿಲ್ಲ ಎಂದೆ. ಆತ ಐದು ಸಾವಿರಕ್ಕೆ ಏರಿಸಿದ, ಸರಿಯಾಗಿ ನನ್ನ ಕಂತಿನಷ್ಟು! ಒಂದು ಕ್ಷಣ ಮನಸ್ಸು ಅಲ್ಲಾಡಿದ್ದು ಸುಳ್ಳಲ್ಲ. ‘ಇದು ಬ್ರಿಟಿಷ್ ಕಾಲದ್ದಲ್ಲ’ ಎಂದು ಹೇಳಿದ್ದಕ್ಕೆ ‘ಪಾಲಿಶ್ ಮಾಡಿದ್ರೆ ಆಗ್ತದೆ’ ಎಂದು ನಗುತ್ತ ಹೋದ. ಕೋಚಿಂಗಿನವರಲ್ಲಿ ಅವಧಿ ಕೇಳಿಕೊಂಡು, ರಜಾ ದಿನಗಳಲ್ಲಿ ಮುರ್ಡೇಶ್ವರದ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಕಂತು ತೀರಿಸಿದೆ.

ಹರಿದ ಬೆತ್ತ ಹಾಗೇ ಬಿಡಲು ಮನಸ್ಸಾಗಲಿಲ್ಲ. ಹೆಣೆಯುವವರು ಯಾರಾದರೂ ಇದ್ದಾರಾ ಎಂದು ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ವಿಚಾರಿಸಿದೆ. ಅಂಗಡಿಯವರು ತೋರಿಸಿದ್ದು ಪ್ಲಾಸ್ಟಿಕ್ ಪಟ್ಟಿ. ‘ನೀನೇ ಮಾಡು, ನಾನು ಹೇಳ್ತೆ’ ಎಂದರು ಆಚಾರಿ. ಬೆತ್ತದ ಸೀಳು ಹುಬ್ಬಳ್ಳಿಯಿಂದ ತರಿಸಿದೆ. ನೀರಿನಲ್ಲಿ ನೆನೆಸಿ ಮೆದು ಮಾಡಬೇಕು. ಚೌಕಟ್ಟಿನ ತೂತುಗಳಲ್ಲಿ ಮೊದಲು ಉದ್ದಕ್ಕೆ, ಅದರ ಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ನಾಲ್ಕನೆಯದು ಅಡ್ಡಕ್ಕೆ, ಮೇಲೆ ಕೆಳಗೆ ತೂರಿಸುತ್ತ. ಕೊನೆಗೆ ಎರಡು ಕಡೆಯಿಂದ ಓರೆಗೆ. ಆಗ ಜೇನುಗೂಡಿನಂಥ ಕಣ್ಣುಗಳು ಮೂಡುತ್ತವೆ. ಓರೆ ಎಳೆ ಒಂದು ಕಡೆ ತಪ್ಪಿದರೆ ಮುಂದೆಲ್ಲ ತಪ್ಪು. ಎರಡು ಸಲ ಬಿಚ್ಚಿದೆ. ಹನ್ನೊಂದು ಸಂಜೆ ಹಿಡಿಯಿತು. ಒಣಗಿದ ಮೇಲೆ ಬೆತ್ತ ತಾನೇ ಬಿಗಿದುಕೊಂಡಿತು, ಬೆರಳಲ್ಲಿ ಹೊಡೆದರೆ ಸಣ್ಣಗೆ ಸದ್ದು ಬರುವಷ್ಟು.

ಮೊದಲು ಆಚಾರಿಯವರನ್ನು ಕೂರಿಸಿದೆ. ಆಮೇಲೆ ಅಜ್ಜಿಯನ್ನು ಕರೆದೆ. ‘ನಂಗೆ ಮಣೆಯೇ ಸಾಕು’ ಎಂದಳು. ಒತ್ತಾಯ ಮಾಡಿದಾಗ ಹೊರಬಂತು: ನಲವತ್ತಾರು ವರ್ಷದಲ್ಲಿ ಅವಳು ಒಮ್ಮೆಯೂ ಆ ಕುರ್ಚಿಯಲ್ಲಿ ಕೂತಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಕೂರು ಅಂತಲೂ ಯಾರೂ ಅಂದಿರಲಿಲ್ಲ. ಅಜ್ಜ ಅಂಗಳದಿಂದ ಜಗಲಿಗೆ ಹತ್ತಿದ ಕತೆಯಲ್ಲಿ ಅಜ್ಜಿ ಅಡುಗೆಮನೆಯಲ್ಲೇ ಉಳಿದಿದ್ದಳು. ಆ ಸಂಜೆ ಸೆರಗು ಸರಿಮಾಡಿಕೊಂಡು, ತುದಿಯಲ್ಲಿ, ಬಿದ್ದೇನೋ ಎಂಬಂತೆ ಕೂತಳು. ಈಗ ಮಧ್ಯಾಹ್ನದ ನಿದ್ದೆ ಅಲ್ಲೇ.

ನಾನು ಬರೆದ ಪರೀಕ್ಷೆ ಈ ಸಲ ಆಗಲಿಲ್ಲ, ಮತ್ತೆ ಓದುತ್ತಿದ್ದೇನೆ. ಬೆತ್ತ ಹೆಣೆಯುವುದೇ ಉದ್ಯೋಗವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಪಕ್ಕದ ಕೇರಿಯ ಎರಡು ಮನೆಯವರು ತಮ್ಮ ಕುರ್ಚಿ ಹೆಣೆದುಕೊಡು ಎಂದಿದ್ದಾರೆ.

ಗೆಳೆಯರೇ, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅದು ದೊಡ್ಡ ಕೆಲಸ. ಎಲ್ಲರ ಮನೆಯ ಕುರ್ಚಿಗೆ ಅಲ್ಲಿ ಜಾಗ ಇರುವುದಿಲ್ಲ, ಎಲ್ಲವನ್ನೂ ಉಳಿಸಿಕೊಳ್ಳಲು ನಮ್ಮ ಹೊಸ ಮನೆಗಳಲ್ಲೂ ಆಗುವುದಿಲ್ಲ. ಮಾರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕಷ್ಟ ಬಂದರೆ ನಾನೂ ಮಾರುತ್ತಿದ್ದೆ. ಮಾರುವ ಮೊದಲು ಒಮ್ಮೆ ಬೋರಲು ಹಾಕಿ ನೋಡಿ. ಯಾವ ಮರ, ಯಾರು ಮಾಡಿದ್ದು, ಯಾವ ವರ್ಷ, ಯಾರು ಕೂರುತ್ತಿದ್ದರು, ಯಾರು ಕೂರುತ್ತಿರಲಿಲ್ಲ ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ನಿಮ್ಮೂರಿನ ಆಚಾರಿಯನ್ನು ಬೈಕಿನಲ್ಲಿ ಕರೆತನ್ನಿ, ತಡ ಮಾಡಬೇಡಿ.

ನಮ್ಮ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕುರ್ಚಿಯ ಅಡಿಗೆ ಕಟ್ಟಿದ್ದೇನೆ, ಆಚಾರಿಯ ಮೂರು ಗೆರೆಗಳ ಪಕ್ಕ.